ವರ್ಗಣಿದಾರರ ಕಾಲ

ಮಲಪ್ರಭೆಯ ದಂಡೆಯ ಮೇಲಿರುವ ನಮ್ಮ ರಾಮದುರ್ಗದಲ್ಲಿ, ಭಾವೆ ಮನೆತನದವರ ಸಂಸ್ಥಾನವು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು ಇನ್ನೂ ಹತ್ತು ವರುಷ ತುಂಬಿರದಿದ್ದ ನನ್ನ ಬಾಲ್ಯಕಾಲದಲ್ಲಿ, ಮಗ್ಗದ ಸಪ್ಪಳವಿಲ್ಲದ ಓಣಿಯನ್ನು ಹುಡುಕುವುದು ಎಷ್ಟು ಕಷ್ಟವೋ, ಕಥೆ ಕಾದಂಬರಿಗಳನ್ನು ಮಾರುವ ಅಂಗಡಿಯನ್ನು ಹುಡುಕುವುದೂ ಅಷ್ಟೇ ಕಷ್ಟವಾಗಿದ್ದಿತು. ಕಿರಾಣಿ ಅಂಗಡಿಯಲ್ಲಿ ಪಾಟಿ, ಬಳಪ, ಅಂಕಲಿಪಿ, ಯುಗಾದಿಯ ಮುಂಚೆ ಪಂಚಾಂಗ, ಇಷ್ಟು ದೊರೆಯುತ್ತಿದ್ದವು. ಹೊಸ್ತಿಲ ಹುಣ್ಣಿಮೆಗೆ ಗೊಡಚಿಯ ವೀರಭದ್ರನ ಜಾತ್ರೆ ಕೂಡಿದಾಗ, ಬಾರೀಹಣ್ಣಿನ ರಾಶಿಗೂ ಬೆಂಡು-ಬೆತ್ತಾಸಿನ ಅಂಗಡಿಗೂ ನಡುವೆ ಗೋಣಿತಟ್ಟಿನ ಮೇಲೆ ಹರವಿಟ್ಟ ಕಾಲಜ್ಞಾನ, ಭಜನೆಯ ಪದಗಳು, ಬೈಲಹೊಂಗಲದ ಸೀಮೆಯಲ್ಲಿ ಹುಟ್ಟಿ ನಾಡೆಲ್ಲ ಹಬ್ಬಿದ ಸಂಗ್ಯಾ ಬಾಳ್ಯಾರ ಸಣ್ಣಾಟ, ಇವುಗಳ ತೆಳುವಾದ ಹೊತ್ತಗೆಗಳು ಕಣ್ಣಿಗೆ ಬೀಳುತ್ತಿದ್ದವು. ಉಳಿದೆಲ್ಲ ಪುಸ್ತಕಗಳು ನಮ್ಮ ಊರನ್ನು ಪ್ರವೇಶಿಸುತ್ತಿದ್ದುದು ಒಂದೇ ಒಂದು ಬಾಗಿಲಿನಿಂದ. ಅದು ಟಪಾಲಿನವನ ಖಾಕಿ ಚೀಲದ ಬಾಯಿ.

ಮೈಸೂರು ಸೀಮೆಯವರು ಇದನ್ನು ಅಂಚೆಯೆನ್ನುತ್ತಾರೆ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದು 1889ರಲ್ಲಿ ಬ್ರಿಟಿಷ್ ಭಾರತದ ಟಪಾಲಿನಲ್ಲಿ ಲೀನವಾದ ತಮ್ಮ ಅಂಚೆಯ ಮೇಲೆ ಅವರಿಗಿರುವ ಅಭಿಮಾನವು ಯೋಗ್ಯವೇ ಆಗಿದೆ. ನಮಗೆ ಮಾತ್ರ ಅದು ಟಪಾಲು. ಇಂದಿಗೂ ರೈಲು ಕಾಣದ ನಮ್ಮ ಊರಿಗೆ ಧಾರವಾಡದ ಟಪಾಲು ಸವದತ್ತಿಯ ಮಾರ್ಗವಾಗಿ ಮೋಟಾರಿನ ಮೇಲೆ ಬಂದು ಇಳಿಯುತ್ತಿತ್ತು. ಚೀಲ ಬಿಚ್ಚಿ, ಕಾಗದಗಳನ್ನು ಓಣಿಯ ಪ್ರಕಾರ ವಿಂಗಡಿಸಿ, ಒಂದೊಂದರ ಮೇಲೂ ಸಿಕ್ಕಾ ಹೊಡೆಯುವ ಸಪ್ಪಳ ಕಚೇರಿಯ ಕಿಟಕಿಯಿಂದ ಬೀದಿಗೆ ಕೇಳಿಸುತ್ತಿತ್ತು.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಒಂದು ಮಧ್ಯಾಹ್ನ ಅವರು ಸುರೇಬಾನಕ್ಕೆ ಹೋಗಿದ್ದಾಗ ಟಪಾಲಿನವರು ನಮ್ಮ ಕಟ್ಟೆಯ ಬಳಿ ನಿಂತು, "ಅಕ್ಕಾರ, ವಿ.ಪಿ. ಬಂದದರಿ. ಮಾಸ್ತರು ಮನ್ಯಾಗ ಅದಾರೇನ್ರಿ?" ಎಂದು ಕೂಗಿದರು. ನನ್ನ ತಾಯಿ ಸೆರಗಿಗೆ ಕೈ ಒರಸಿಕೊಳ್ಳುತ್ತ ಹೊರಗೆ ಬಂದು, "ಇಲ್ರೀ, ಸುರೇಬಾನಕ್ಕ ಹೋಗ್ಯಾರ. ಇವತ್ತ ರೊಕ್ಕ ಕೊಡದಿದ್ರ ಅದು ತಿರುಗಿ ಹೋಗ್ತದೇನ್ರಿ?" ಎಂದು ಕೇಳಿದಳು. "ಏಳು ದಿನಾ ನಮ್ಮ ಆಫೀಸನ್ಯಾಗ ಇಟಗೊಂತೀವ್ರಿ. ಆಮ್ಯಾಲ ಧಾರವಾಡಕ್ಕ ತಿರುಗಿ ಕಳಸಬೇಕಾಗ್ತದ ನೋಡ್ರಿ" ಎಂದರು ಅವರು. ಏಳು ದಿನಗಳ ಅವಕಾಶವಿದ್ದರೂ ತಾಯಿ ಅದನ್ನು ನಂಬಲಿಲ್ಲ. ಎದುರು ಮನೆಯ ನೇಕಾರಗಿತ್ತಿಯ ಹತ್ತಿರ ಹೋಗಿ, ಸಂತೆಗೆಂದು ತೆಗೆದಿರಿಸಿದ್ದ ಹಣದಲ್ಲಿ ಕಡ ತಂದು, ಎಣಿಸಿ ಕೊಟ್ಟು, ಕಟ್ಟನ್ನು ಒಳಗೆ ತಂದು ದೇವರ ಗೂಡಿನ ಪಕ್ಕದಲ್ಲಿ ಇಟ್ಟಳು. ಕಂದು ಕಾಗದ, ಅದರ ಮೇಲೆ ಅಡ್ಡಾದಿಡ್ಡಿಯಾಗಿ ಬಿಗಿದ ಸುತಳಿ, ಗಂಟಿನ ಮೇಲೆ ಕೆಂಪು ಅರಗು, ಅರಗಿನ ಮೇಲೆ ಒತ್ತಿದ ಮುದ್ರೆ. ತಂದೆಯವರು ಸಂಜೆಗೆ ಬರುವತನಕ ನಾನೂ ನನ್ನ ಅಕ್ಕನೂ ಅದರ ಸುತ್ತಲೇ ಸುಳಿದಾಡಿದೆವು. ಅವರು ಬಂದು, ಸುತಳಿಯನ್ನು ಕತ್ತರಿಸದೆ ಗಂಟನ್ನು ಉಗುರಿನಿಂದ ಬಿಡಿಸಿ, ಅದನ್ನು ಉಂಡೆ ಸುತ್ತಿ ಗೂಡಿನಲ್ಲಿಟ್ಟು, ಕಾಗದವನ್ನು ನೀಟಾಗಿ ಮಡಿಸಿ ನನ್ನ ವಹಿಗಳಿಗೆ ಹೊದಿಕೆ ಹಾಕಲೆಂದು ತೆಗೆದಿರಿಸಿದ ಮೇಲೆಯೇ ಪುಸ್ತಕವನ್ನು ಕೈಗೆತ್ತಿಕೊಂಡರು. ಮೊದಲ ಪುಟದ ಮೂಲೆಯಲ್ಲಿ ಆ ದಿನದ ತಾರೀಖನ್ನು ಪೆನ್ಸಿಲಿನಿಂದ ಬರೆದರು. ಅದು ಧಾರವಾಡದ ಮನೋಹರ ಗ್ರಂಥಮಾಲೆಯ ಪುಸ್ತಕವಾಗಿದ್ದಿತು.

ಆ ವಿ.ಪಿ. ಎಂಬ ಎರಡಕ್ಷರದ ವ್ಯವಸ್ಥೆಯ ಇತಿಹಾಸವನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ವಿಚಾರಿಸಿದಂತೆ ಕಾಣುವುದಿಲ್ಲ. 1854ರಲ್ಲಿ, ದೂರ ಎಷ್ಟೇ ಇರಲಿ, ಹಗುರಾದ ಕಾಗದಕ್ಕೆ ಅರ್ಧ ಆಣೆಯೆಂಬ ಏಕರೂಪದ ದರವು ಹಿಂದುಸ್ಥಾನದಲ್ಲಿ ಜಾರಿಗೆ ಬಂದಿತು. 1877ರಲ್ಲಿ ವ್ಯಾಲ್ಯೂ ಪೇಯಬಲ್ ಪೋಸ್ಟ್ ಎಂಬ ಹೊಸ ಅನುಕೂಲವು ಆರಂಭವಾಯಿತು. ಮಾರುವವನು ಸರಕನ್ನು ಕಟ್ಟಿ ಟಪಾಲು ಕಚೇರಿಗೆ ಒಪ್ಪಿಸುವನು. ಕೊಳ್ಳುವವನ ಊರಿನ ಟಪಾಲಿನವನು ಬೆಲೆಯನ್ನು ವಸೂಲು ಮಾಡಿಕೊಂಡು ಕಟ್ಟನ್ನು ಅವನ ಕೈಗೆ ಕೊಡುವನು. ಆ ಹಣವು ಮಾರುವವನಿಗೆ ಮನಿಆರ್ಡರಾಗಿ ಮರಳುವುದು. ಮನಿಆರ್ಡರಿನ ಕೆಲಸವನ್ನು ಸರಕಾರಿ ಖಜಾನೆಗಳಿಂದ ಟಪಾಲು ಇಲಾಖೆಯು 1880ರಲ್ಲಿ ವಹಿಸಿಕೊಂಡ ಮೇಲೆ ಈ ಚಕ್ರವು ಪೂರ್ಣವಾಯಿತು. ಒಬ್ಬರನ್ನೊಬ್ಬರು ಎಂದೂ ಕಾಣದ, ಕಾಣುವ ಸಂಭವವೂ ಇಲ್ಲದ ಇಬ್ಬರ ನಡುವೆ ಟಪಾಲಿನವನು ಜಾಮೀನುದಾರನಾಗಿ ನಿಂತನು. ಕೊಡು-ಕೊಳ್ಳುವ ವ್ಯವಹಾರವೆಲ್ಲ ಮುಖಪರಿಚಯದ ಮೇಲೆಯೇ ನಡೆಯುತ್ತಿದ್ದ, ಸಾವುಕಾರನ ಹೆಸರು, ಕುಲ, ಮನೆತನ ಇವನ್ನು ತಿಳಿಯದೆ ಒಂದು ಬಿಡಿಕಾಸನ್ನೂ ಕೊಡದಿದ್ದ ಹಳ್ಳಿಗಾಡಿನಲ್ಲಿ ಇದು ಸಣ್ಣ ಬದಲಾವಣೆಯಾಗಿರಲಿಲ್ಲ.

ಟಪಾಲಿನ ಮೂಲಕ ವ್ಯಾಪಾರವೆಂದರೆ ಎಲ್ಲರೂ ಅಮೆರಿಕದ ಹೆಸರನ್ನೇ ಹೇಳುತ್ತಾರೆ. ಆರನ್ ಮಾಂಟ್‌ಗಮರಿ ವಾರ್ಡ್ ಎಂಬವನು ಊರೂರು ತಿರುಗುವ ಮಾರಾಟಗಾರನಾಗಿ ಒಕ್ಕಲಿಗರ ಕಷ್ಟವನ್ನು ಕಣ್ಣಾರೆ ಕಂಡು, ನಡುವಿನ ದಲಾಲಿಗಳನ್ನು ತಪ್ಪಿಸಿ ಅವರಿಗೆ ನೇರವಾಗಿ ಸರಕನ್ನು ತಲಪಿಸಬೇಕೆಂದು ನಿಶ್ಚಯಿಸಿ, 1872ರಲ್ಲಿ ಶಿಕಾಗೋ ನಗರದಿಂದ 163 ಸರಕುಗಳ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಹೊರಡಿಸಿದನು. ಗ್ರೇಂಜ್ ಎಂಬ ಒಕ್ಕಲಿಗರ ಸಂಘವು ಅವನ ಬೆನ್ನಿಗೆ ನಿಂತಿತು. ಸರಕು ಮನಸ್ಸಿಗೆ ಬಾರದಿದ್ದರೆ ಹಣವನ್ನು ಹಿಂದಿರುಗಿಸುವೆನೆಂದು ಅವನು 1875ರಲ್ಲಿ ಅಚ್ಚುಹಾಕಿಸಿದ ವಾಗ್ದಾನವು ಆ ವ್ಯಾಪಾರಕ್ಕೆ ಅಡಿಗಲ್ಲಾಯಿತು. ಅವನ ಬಳಿಕ ಬಂದ ರಿಚರ್ಡ್ ಸಿಯರ್ಸನ ಉದಯವು ಇನ್ನೂ ಸ್ವಾರಸ್ಯವಾದುದು. ಅವನು ಮಿನೆಸೋಟಾ ಪ್ರಾಂತದ ಒಂದು ಸಣ್ಣ ಸ್ಟೇಷನ್ನಿನ ಏಜೆಂಟನು. 1886ರಲ್ಲಿ ಆ ಊರಕಡೆಯ ಒಬ್ಬ ಆಭರಣದ ವ್ಯಾಪಾರಿಯ ಹೆಸರಿಗೆ ಗಡಿಯಾರಗಳ ಒಂದು ಪೆಟ್ಟಿಗೆ ಬಂದು, ವ್ಯಾಪಾರಿಯು ತನಗೆ ಬೇಡವೆಂದು ಅದನ್ನು ನಿರಾಕರಿಸಲು, ಸಿಯರ್ಸನು ಅದನ್ನು ತಾನೇ ಕೊಂಡು, ಅದೇ ಮಾರ್ಗದ ಬೇರೆ ಬೇರೆ ಸ್ಟೇಷನ್ನುಗಳ ಏಜೆಂಟರಿಗೆ ಮಾರಿ ಲಾಭ ಪಡೆದನು. 1893ರಲ್ಲಿ ಸಿಯರ್ಸ್ ರೋಬಕ್ ಎಂಬ ಹೆಸರು ಪಡೆದು, ಸೂಜಿಯಿಂದ ಹಿಡಿದು, ತೊಲೆ ಕಿಟಕಿ ಬಾಗಿಲುಗಳ ಸಹಿತ ಇಡಿಯ ಮನೆಯನ್ನೇ ಬಿಡಿಭಾಗಗಳಾಗಿ ರೈಲಿನಲ್ಲಿ ಕಳಿಸುವಷ್ಟರ ಮಟ್ಟಿಗೆ ಬೆಳೆದ ಆ ಮಹಾ ಸಂಸ್ಥೆಯ ಬೀಜವು ತಿರುಗಿ ಹೋಗಬೇಕಾಗಿದ್ದ ಒಂದು ಪಾರ್ಸಲಿನಲ್ಲಿದ್ದಿತು. ತಿರುಗಿ ಬರುವ ಪಾರ್ಸಲು ನಮ್ಮ ಕನ್ನಡ ಪ್ರಕಾಶಕರಿಗೆ ಏನಾಗಿತ್ತೆಂಬುದನ್ನು ಮುಂದೆ ಹೇಳುವೆನು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಅಷ್ಟು ಮುಂದುವರಿದ ಆ ದೇಶದಲ್ಲಿ ಹಳ್ಳಿಯ ಒಕ್ಕಲಿಗನ ಮನೆಯ ಬಾಗಿಲಿಗೆ ಟಪಾಲನ್ನು ಒಯ್ದು ಮುಟ್ಟಿಸುವ ಪದ್ಧತಿಯು ಪ್ರಯೋಗರೂಪದಲ್ಲಿ ಪ್ರಾರಂಭವಾದದ್ದು 1896ರಲ್ಲಿ, ಸ್ಥಿರಗೊಂಡದ್ದು 1902ರಲ್ಲಿ. ಅಲ್ಲಿಯವರೆಗೆ ಒಕ್ಕಲಿಗನು ಪೇಟೆಗೆ ಬಂದು ತನ್ನ ಕಾಗದವನ್ನು ತಾನೇ ಒಯ್ಯಬೇಕಾಗಿತ್ತು. ದೊಡ್ಡ ಪಾರ್ಸಲುಗಳನ್ನು ಸರಕಾರಿ ಟಪಾಲು ಒಯ್ಯತೊಡಗಿದ್ದು 1913ರ ಜನವರಿಯಲ್ಲಿ. ಅದಕ್ಕೆ ಮೊದಲು ಖಾಸಗಿ ಎಕ್ಸ್‌ಪ್ರೆಸ್ ಕಂಪನಿಗಳು ಕೇಳಿದಷ್ಟು ಕೂಲಿ ಕೊಡಬೇಕಾಗಿತ್ತು. ಸರಕು ಮುಟ್ಟಿದ ಮೇಲೆ ಟಪಾಲಿನವನ ಕೈಯಲ್ಲಿ ಹಣ ಕೊಡುವ ಅನುಕೂಲವು ಅದೇ ವರುಷದ ಜುಲೈಯಲ್ಲಿ ಬಂದಿತು. ನಮ್ಮಲ್ಲಿಯಾದರೋ, ಬಿದಿರಿನ ಕಾವಡಿಯ ಎರಡು ತುದಿಗೆ ಗಂಟುಗಳನ್ನು ಕಟ್ಟಿ ಹೆಗಲ ಮೇಲೆ ಹೊತ್ತೊಯ್ಯುವ ಪಾರ್ಸಲಿನ ಟಪಾಲು ಕಂಪನಿ ಸರಕಾರದ ಕಾಲದಿಂದಲೇ ಇದ್ದಿತು, ವಿ.ಪಿ.ಯು ಅಮೆರಿಕಕ್ಕಿಂತ ಮೂವತ್ತಾರು ವರುಷ ಮೊದಲೇ ಬಂದಿತ್ತು. ಆದರೆ ಅಲ್ಲಿಯ ಒಕ್ಕಲಿಗನಲ್ಲಿ ಕೊಳ್ಳಲು ಹಣವಿದ್ದಿತು, ಸರಕಿನ ಪಟ್ಟಿಯನ್ನು ಓದಲು ಅಕ್ಷರವಿದ್ದಿತು. ನಮ್ಮ ಒಕ್ಕಲಿಗನಲ್ಲಿ ಇವೆರಡೂ ಇರಲಿಲ್ಲ. ಆದಕಾರಣ ಅದೇ ಸಾಧನವು ಅಲ್ಲಿ ಬಂಡವಾಳವಾಗಿ ಬೆಳೆಯಿತು. ಇಲ್ಲಿ, ಅಕ್ಷರ ಬಲ್ಲ ಕೆಲವೇ ಮಾಸ್ತರರು, ಕುಲಕರ್ಣಿಗಳು, ವಕೀಲರು, ಮಠದ ಸ್ವಾಮಿಗಳು, ಇವರ ಪುಸ್ತಕದ ಹಸಿವನ್ನು ತಣಿಸುವ ಸಾಧನವಾಯಿತು.

ಪುಸ್ತಕಕ್ಕೆ ಬರುವ ಮುನ್ನ ಗುರ್ಲಹೊಸೂರಿಗೆ ಹೋಗಿ ಬರೋಣ. ಸವದತ್ತಿಯ ಬಳಿಯ ಆ ಹಳ್ಳಿಯಲ್ಲಿ 1869ರ ಜೂನ್ 20ರಂದು ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಚಿತ್ರಕಲೆಯನ್ನು ಕಲಿಯಲೆಂದು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು; ತಮ್ಮ ಕಣ್ಣಿಗೆ ಬಣ್ಣಗಳ ಭೇದವು ಸರಿಯಾಗಿ ಗೊತ್ತಾಗುವುದಿಲ್ಲವೆಂದು ತಿಳಿದು ಯಂತ್ರಗಳ ನಕ್ಷೆಯ ಕಡೆಗೆ ತಿರುಗಿ, ಅಲ್ಲಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಶಿಕ್ಷಕರಾದರು. ಮುಂಬಯಿಯಲ್ಲಿದ್ದುಕೊಂಡು ಸೈಕಲ್ಲುಗಳನ್ನು ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮುಅಣ್ಣನಿಗೆ ಕಳಿಸುವರು. ಅಣ್ಣನು ಅವನ್ನು ಮಾರುವನು, ಕೊಂಡವರಿಗೆ 15 ರೂಪಾಯಿ ಪಡೆದು ಹತ್ತಲು ಕಲಿಸುವನು. ಇಂದು ಕಿರ್ಲೋಸ್ಕರ ರಸ್ತೆಯೆಂದು ಬೆಳಗಾವಿಯಲ್ಲಿ ಕರೆಯುವ ಬೀದಿಯ ಹೆಸರಿನ ಹಿಂದೆ ಇರುವುದು ಈ ಸಂಸಾರವೇ. ಯಂತ್ರವಿದ್ಯೆಯ ಕಾಲೇಜನ್ನೇ ಕಾಣದ ಲಕ್ಷ್ಮಣರಾಯರಿಗೆ ಗುರುವಾದದ್ದು ಅಮೆರಿಕದಿಂದ ಬರುತ್ತಿದ್ದ ತಾಂತ್ರಿಕ ಪತ್ರಿಕೆಗಳು ಮತ್ತು ಪುಸ್ತಕಗಳು. ಸಮುದ್ರ ದಾಟಿ ಮುಂಬಯಿಯ ಬಂದರಿಗಿಳಿದು ಬೆಳಗಾವಿಯನ್ನು ಮುಟ್ಟುವಷ್ಟರಲ್ಲಿ ಹಳತಾಗಿರುತ್ತಿದ್ದ ಆ ಪತ್ರಿಕೆಗಳಲ್ಲಿಯ ಚಿತ್ರಗಳನ್ನು ನೋಡಿ ನೋಡಿ, ಎರಕದ ಕೆಲಸವನ್ನೂ ಕೊರೆಯುವ ಕೆಲಸವನ್ನೂ ಅವರು ಕೈಗೆ ತಂದುಕೊಂಡರು. ಮೇವು ಕತ್ತರಿಸುವ ಯಂತ್ರವಾಯಿತು. 1903ರಲ್ಲಿ ಕಬ್ಬಿಣದ ನೇಗಿಲಾಯಿತು. ಕಬ್ಬಿಣವು ತಾಗಿದರೆ ಭೂಮಿಯು ವಿಷವಾಗುವುದೆಂಬ ಭಯದಿಂದ ಒಕ್ಕಲಿಗರು ಅದನ್ನು ಮುಟ್ಟದಿರಲು, ಮೊದಲ ನೇಗಿಲುಗಳನ್ನು ಮಾರಲು ಅವರಿಗೆ ಎರಡು ವರುಷಗಳು ಹಿಡಿದವು.

1910ರಲ್ಲಿ ಬೆಳಗಾವಿಯ ಜಾಗವನ್ನು ಬಿಡಬೇಕಾಗಿ ಬಂದಾಗ ಔಂಧದ ಅರಸರು ತಮ್ಮ ಸಂಸ್ಥಾನದಲ್ಲಿ ಭೂಮಿ ಕೊಟ್ಟು ಕರೆಸಿಕೊಂಡರು. ಪಾಪಾಸುಕಳ್ಳಿಯ ಬಯಲಿನಲ್ಲಿ ಕಿರ್ಲೋಸ್ಕರವಾಡಿಯು ಎದ್ದಿತು. ಅಲ್ಲಿಂದ 1920ರಲ್ಲಿ 'ಕಿರ್ಲೋಸ್ಕರ ಖಬರ' ಎಂಬ ಮರಾಠಿ ಪತ್ರಿಕೆಯು ಶಂಕರರಾವ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಹೊರಟಿತು. ಕಾರಖಾನೆಯ ಸುದ್ದಿಯನ್ನು, ಸರಕಿನ ಗುಣವನ್ನು ಗಿರಾಕಿಗಳಿಗೆ ತಿಳಿಸಲೆಂದು ಹುಟ್ಟಿದ ಆ ಪತ್ರಿಕೆಯು ಕೆಲವೇ ವರುಷಗಳಲ್ಲಿ ಕಥೆ, ವಿಚಾರ, ವಿಜ್ಞಾನಗಳನ್ನು ತುಂಬಿಕೊಂಡು ಸಾಹಿತ್ಯಪತ್ರಿಕೆಯೇ ಆಯಿತು. 1930ರಲ್ಲಿ 'ಸ್ತ್ರೀ', 1934ರಲ್ಲಿ 'ಮನೋಹರ' ಅದರ ಹಿಂದೆ ಬಂದವು. ಎರಡು ಭಾಷೆಗಳು ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುವ ನಮ್ಮ ಗಡಿಸೀಮೆಯ ಮನೆಗಳಲ್ಲಿ ಇವುಗಳನ್ನು ಓದಿದ ಹೆಣ್ಣುಮಕ್ಕಳು ಬಹುಮಂದಿ ಇದ್ದರು. ನಮ್ಮ ಸೋದರತ್ತೆಯ ಟ್ರಂಕಿನಲ್ಲಿ 'ಸ್ತ್ರೀ'ಯ ಹಳೆಯ ಸಂಚಿಕೆಗಳು ಮದುವೆಯ ಸೀರೆಗಳ ಕೆಳಗೆ ಕ್ರಮವಾಗಿ ಜೋಡಿಸಿದ್ದವು.

ಇದೇ ಪರಿಣಾಮವು ಅದೇ ಕಾಲದಲ್ಲಿ ಅಮೆರಿಕದಲ್ಲಿಯೂ ಆಗುತ್ತಿದ್ದುದನ್ನು ನೋಡಿದರೆ, ವ್ಯಾಪಾರದ ಪಟ್ಟಿಯ ಒಳಗೆ ಪತ್ರಿಕೆಯೊಂದು ಹುದುಗಿರುವುದೇ ಅದರ ಸ್ವಭಾವವಾಗಿರಬೇಕೆಂದು ನನಗೆ ಅನಿಸುತ್ತದೆ. ಲಕ್ಸೆಂಬರ್ಗಿನಿಂದ 1904ರಲ್ಲಿ ವಲಸೆ ಹೋದ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬ ತರುಣನು ನ್ಯೂಯಾರ್ಕಿನಲ್ಲಿ ಎಲೆಕ್ಟ್ರೋ ಇಂಪೋರ್ಟಿಂಗ್ ಕಂಪನಿಯನ್ನು ತೆರೆದು, ವಿದ್ಯುತ್ತಿನ ಬಿಡಿಭಾಗಗಳನ್ನೂ ಮನೆಯಲ್ಲಿಯೇ ನಡೆಸಬಹುದಾದ ತಂತಿಯಿಲ್ಲದ ತಂತಿಯಂತ್ರವನ್ನೂ ಹವ್ಯಾಸಿಗಳಿಗೆ ಟಪಾಲಿನಲ್ಲಿ ಮಾರುತ್ತಿದ್ದನು. ಪಟ್ಟಿಯನ್ನು ನೋಡಿ ಸರಕನ್ನು ತರಿಸಿಕೊಂಡವರು, ಇದನ್ನು ಜೋಡಿಸುವುದು ಹೇಗೆ, ಇದು ನಡೆಯುವುದು ಹೇಗೆಂದು ಕೇಳತೊಡಗಲು, ಅವನು 1908ರಲ್ಲಿ 'ಮಾಡರ್ನ್ ಎಲೆಕ್ಟ್ರಿಕ್ಸ್' ಎಂಬ ಪತ್ರಿಕೆಯನ್ನು ಹೊರಡಿಸಿದನು. ಅಲ್ಲಿಂದ ಮುಂದೆ 1926ರಲ್ಲಿ ಬರಿಯ ವಿಜ್ಞಾನಕಥೆಗಳಿಗೇ ಮೀಸಲಾದ 'ಅಮೇಜಿಂಗ್ ಸ್ಟೋರೀಸ್' ಬಂದಿತು. ಯಂತ್ರದ ಬೆಲೆಪಟ್ಟಿಯಿಂದ ಒಂದು ಸಾಹಿತ್ಯಪ್ರಕಾರದ ಪತ್ರಿಕೆಯೇ ಕವಲೊಡೆಯಿತು. ಹವ್ಯಾಸಿಗಳ ಈ ಪರಂಪರೆಯು ಅಲ್ಲಿ ಬಹುಕಾಲ ಉಳಿಯಿತು. 1975ರ ಜನವರಿಯಲ್ಲಿ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಎಂಬ ಹವ್ಯಾಸಿ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ, ಬಿಡಿಭಾಗಗಳನ್ನು ಟಪಾಲಿನಲ್ಲಿ ತರಿಸಿಕೊಂಡು ಮನೆಯಲ್ಲಿ ಜೋಡಿಸಬಹುದಾದ ಗಣಕಯಂತ್ರದ ಚಿತ್ರವು ಬಂದಾಗ, ಅದನ್ನು ನೋಡಿ ರೋಮಾಂಚನಗೊಂಡ ಇಬ್ಬರು ತರುಣರು ಪಾಲ್ ಅಲೆನ್ ಮತ್ತು ಬಿಲ್ ಗೇಟ್ಸ್.

ಕನ್ನಡದಲ್ಲಿ ಅಂಥ ಯಂತ್ರಹವ್ಯಾಸದ ಪತ್ರಿಕೆಯು ಬೇರೂರಲಿಲ್ಲ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ನಡೆಸಿದ 'ವಿಜ್ಞಾನ' ಮಾಸಪತ್ರಿಕೆಯು 1918ರಲ್ಲಿ ಹುಟ್ಟಿ ಎರಡೇ ವರುಷಗಳಲ್ಲಿ ನಿಂತುಹೋಯಿತು. ಬಿಡಿಭಾಗಗಳೇ ದೊರೆಯದ ನಾಡಿನಲ್ಲಿ ಜೋಡಿಸುವ ವಿದ್ಯೆಯು ಬೆಳೆಯುವುದೆಂತು? ನಮ್ಮ ಹವ್ಯಾಸವು ಓದೇ ಆಗಿದ್ದಿತು. ಬಹುಜನರಿಗೆ ಎಟುಕಬಹುದಾದ ಹವ್ಯಾಸವೂ ಅದೊಂದೇ ಆಗಿದ್ದಿತು.

ಲಕ್ಷ್ಮಣರಾಯರು ಹುಟ್ಟಿದ ವರುಷವೇ, ಅಂದರೆ 1869ರ ಜನವರಿಯಲ್ಲಿ, ಹಾವೇರಿಯ ಕಡೆಯ ಗಳಗನಾಥವೆಂಬ ಊರಿನಲ್ಲಿ ವೆಂಕಟೇಶ ತಿರಕೋ ಕುಲಕರ್ಣಿಯವರು ಹುಟ್ಟಿದರು. ಊರಿನ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರಾದ ಈ ಮಾಸ್ತರರು ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿಯಾಗಿದೆ. ಅದನ್ನು ಕೇಳಿದಾಗಲೆಲ್ಲ ಎಲ್ಲರೂ ಅವರ ತ್ಯಾಗವನ್ನು ಕೊಂಡಾಡುತ್ತಾರೆ, ನಾನೂ ಕೊಂಡಾಡುವೆನು. ಆದರೆ ಹೊತ್ತು ತಿರುಗಿದ ಆ ಗಳಗನಾಥರೇ 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ'ಗೆ ಸಂಪಾದಕರಾಗಿ, ವರ್ಗಣಿ ತೆತ್ತ ಓದುಗರ ಮನೆಗಳಿಗೆ ಅದನ್ನು ಟಪಾಲಿನ ಮೂಲಕ ಮುಟ್ಟಿಸುವ ಮಾರ್ಗವನ್ನು ಹಿಡಿದರೆಂಬುದನ್ನು ಅಷ್ಟೇ ಮನಸ್ಸಿಟ್ಟು ನೆನೆಯಬೇಕು. ತಲೆಹೊರೆಯಿಂದ ಟಪಾಲಿನ ಚೀಲಕ್ಕೆ ಪುಸ್ತಕವು ದಾಟಿದ ಘಟ್ಟವು ಆ ಒಬ್ಬ ಮನುಷ್ಯನ ಆಯುಷ್ಯದೊಳಗೇ ಇದೆ. ಧಾರವಾಡದಲ್ಲಿ 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಲ್ಲಿ 'ವಾಗ್ಭೂಷಣ'ವನ್ನು ತೆಗೆದದ್ದೂ, 1922ರಲ್ಲಿ ಆಲೂರ ವೆಂಕಟರಾಯರು 'ಜಯಕರ್ನಾಟಕ'ವನ್ನು ತೆಗೆದದ್ದೂ ಇದೇ ಮಾರ್ಗದ ಮೇಲಿನ ಮೈಲುಗಲ್ಲುಗಳು. ವರ್ಗಣಿಯೆಂಬ ಮಾತೇ ನಮ್ಮ ಸೀಮೆಯದು. ಮರಾಠಿಯಿಂದ ಬಂದು ಮನೆಮಗನಾದುದು. ಗಣೇಶ ಚೌತಿಗೆ ಕೂಡಿಸುವುದೂ ವರ್ಗಣಿ, ಭಜನೆಯ ಮೇಳಕ್ಕೆ ಕೊಡುವುದೂ ವರ್ಗಣಿ, ಪತ್ರಿಕೆಗೆ ತೆರುವುದೂ ವರ್ಗಣಿ. ಆದುದರಿಂದ ಪತ್ರಿಕೆಗೆ ಹಣ ಕೊಡುವವನು ತಾನೊಂದು ಸರಕನ್ನು ಕೊಂಡೆನೆಂದು ಭಾವಿಸದೆ, ಊರ ಕಾರ್ಯಕ್ಕೆ ತನ್ನ ಪಾಲನ್ನು ಹಾಕಿದೆನೆಂದು ಭಾವಿಸುತ್ತಿದ್ದನು.

ಈ ಭಾವನೆಯ ಮೇಲೆಯೇ 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಕಟ್ಟಿದರು. ಜಡಭರತನೆಂಬ ಹೆಸರಿನಿಂದ ನಾಟಕಗಳನ್ನು ಬರೆದ ಈ ಹೊಂಬಳದ ಗೃಹಸ್ಥರಿಗೆ ಬಂಡವಾಳವಿರಲಿಲ್ಲ. ಓದುಗರು ಮೊದಲೇ ವರ್ಗಣಿದಾರರಾಗಬೇಕು, ಮಾಲೆಯು ವರುಷದಲ್ಲಿ ಕೆಲವು ಪುಸ್ತಕಗಳನ್ನು ಹೊರಡಿಸಿ ಅವರ ಮನೆಗೆ ಕಳಿಸಬೇಕು, ಇದು ಅವರ ಯೋಜನೆ. ಊರೂರು ತಿರುಗಿ ಅವರು ವರ್ಗಣಿದಾರರನ್ನು ಕೂಡಿಸಿದರು. ಆರಂಭದ ಪುಸ್ತಕಗಳಲ್ಲಿ ನಮ್ಮ ಬೆಳಗಾವಿ ಜಿಲ್ಲೆಯವರೇ ಆದ ಆನಂದಕಂದರ, ಅಂದರೆ ಬೆಟಗೇರಿ ಕೃಷ್ಣಶರ್ಮರ, 'ಸುದರ್ಶನ' ಕಾದಂಬರಿಯಿದ್ದಿತು. ಸುಭಾಸ ರಸ್ತೆಯಲ್ಲಿ ಮೆಟ್ಟಿಲೇರಿ ಹೋಗಬೇಕಾದ ಅದರ ಕಚೇರಿಗೆ 'ಅಟ್ಟ'ವೆಂದೇ ಹೆಸರಾಯಿತು. ಬೇಂದ್ರೆಯವರಿಂದ ಮೊದಲುಗೊಂಡು ಧಾರವಾಡದ ಸಾಹಿತಿಗಳೆಲ್ಲ ಆ ಅಟ್ಟವನ್ನು ಹತ್ತಿ ಇಳಿದವರೇ.

ಅಮೆರಿಕದಲ್ಲಿಯೂ ಪುಸ್ತಕಗಳಿಗೆ ಇಂಥ ಮಾರ್ಗಗಳು ಹುಟ್ಟಿದ್ದವು. 1926ರಲ್ಲಿ ಹ್ಯಾರಿ ಶರ್ಮನ್ ಎಂಬವನು ತಿಂಗಳಿಗೊಂದು ಪುಸ್ತಕದ ಕೂಟವನ್ನು ಏರ್ಪಡಿಸಿದನು. ಬಲ್ಲವರ ಮಂಡಲಿಯು ಆರಿಸಿದ ಪುಸ್ತಕವು ಸದಸ್ಯರಿಗೆ ಟಪಾಲಿನಲ್ಲಿ ಬರುತ್ತಿತ್ತು. ಕ್ಯಾನ್ಸಸ್ ಪ್ರಾಂತದ ಜಿರಾರ್ಡ್ ಎಂಬ ಸಣ್ಣ ಪಟ್ಟಣದಿಂದ ಹಾಲ್ಡ್‌ಮನ್-ಜೂಲಿಯಸನು 1919ರಲ್ಲಿ ಪ್ರಾರಂಭಿಸಿ, ಕ್ರಮೇಣ ಬೆಲೆಯನ್ನು ಐದು ಸೆಂಟಿಗೆ ಇಳಿಸಿ, ಅಂಗೈಯಗಲದ ನೀಲಿ ಹೊತ್ತಗೆಗಳನ್ನು ಕೋಟಿಗಟ್ಟಲೆ ಮಾರಿದನು. ಕೂಲಿಕಾರನೂ ಷೇಕ್ಸ್‌ಪಿಯರನನ್ನು ಕಿಸೆಯಲ್ಲಿಟ್ಟು ತಿರುಗುವಂತಾಗಬೇಕೆಂಬುದು ಅವನ ಹಂಬಲ. ಇವೆರಡೂ ಮಹತ್ಕಾರ್ಯಗಳೇ. ಆದರೂ ಧಾರವಾಡದ ಅಟ್ಟದ ಕೆಲಸವು ಇವುಗಳಿಗಿಂತ ಭಿನ್ನವಾದುದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿಯವರು ಬಹುಮಟ್ಟಿಗೆ ಆಗಲೇ ಬರೆದು ಮುಗಿದ, ಬೇರೆಯವರು ಅಚ್ಚಿಟ್ಟ ಇಲ್ಲವೆ ಹಿಂದಿನವರು ಬಿಟ್ಟುಹೋದ ಗ್ರಂಥಗಳನ್ನು ಹಂಚಿದರು. ಇಲ್ಲಿ ವರ್ಗಣಿದಾರನು, ಇನ್ನೂ ಲೇಖಕನ ಮನಸ್ಸಿನಲ್ಲಿ ಅರ್ಧವೇ ಮೂಡಿದ, ಹೆಸರೂ ಇಟ್ಟಿರದ ಪುಸ್ತಕಕ್ಕೆ ತನ್ನ ಮಾತನ್ನು ಕೊಟ್ಟನು. ನೂರಾರು ಊರುಗಳಲ್ಲಿ ಇಷ್ಟು ಮಂದಿ ಈ ಪುಸ್ತಕವನ್ನು ಬಿಡಿಸಿಕೊಳ್ಳುವರೆಂಬ ಧೈರ್ಯವಿದ್ದುದರಿಂದಲೇ ಹೆಸರಿಲ್ಲದ ತರುಣನ ಹಸ್ತಪ್ರತಿಯು ಅಚ್ಚಿನ ಮನೆಗೆ ಹೋಗುತ್ತಿತ್ತು. ಹೀಗಿರಲಾಗಿ, ಸಾಹಿತ್ಯಚರಿತ್ರೆಯಲ್ಲಿ ಲೇಖಕರ ಹೆಸರುಗಳಿವೆ, ಪ್ರಕಾಶಕರ ಹೆಸರುಗಳೂ ಇವೆ. ವರ್ಗಣಿದಾರರಾಗಿದ್ದ ಕಟಕೋಳದ ಮಾಸ್ತರನ, ಕಿತ್ತೂರಿನ ತಲಾಠಿಯ, ಸವದತ್ತಿಯ ಗುಮಾಸ್ತನ ಹೆಸರುಗಳು ಮಾತ್ರ ಇಲ್ಲವೆಂಬುದು ನನ್ನನ್ನು ಬಹುಕಾಲದಿಂದ ನೋಯಿಸಿದೆ.

ಬಿಡಿಸಿಕೊಳ್ಳದೆ ಇದ್ದರೆ ಆಗುತ್ತಿದ್ದುದೇನು? ಏಳು ದಿನ ಕಳೆದ ಮೇಲೆ ಕಟ್ಟು ಬಂದ ದಾರಿಯಲ್ಲೇ ಮರಳುತ್ತಿತ್ತು. ಹೋಗುವ ಖರ್ಚು ಪ್ರಕಾಶಕನದು. ಸುತಳಿ, ಕಾಗದ, ಅರಗು ಅವನವು. ಮೂಲೆಗಳು ಮುದುಡಿ, ಮೇಲಿನ ಹೊದಿಕೆ ಹರಿದು, ನಿರಾಕೃತವೆಂಬ ಷರಾ ಹೊತ್ತು ಬಂದ ಪುಸ್ತಕವನ್ನು ಇನ್ನೊಬ್ಬನಿಗೆ ಹೊಸದೆಂದು ಮಾರುವಂತಿಲ್ಲ. ದಯವಿಟ್ಟು ವಿ.ಪಿ. ತಿರುಗಿ ಕಳಿಸಿ ನಷ್ಟಕ್ಕೆ ಗುರಿಮಾಡಬಾರದಾಗಿ ವಿನಂತಿಯೆಂಬ ಅರ್ಥದ ಸೂಚನೆಗಳು ಆಗಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಸಿಯರ್ಸನಿಗೆ ಭಾಗ್ಯದ ಬಾಗಿಲನ್ನು ತೆರೆದ ನಿರಾಕರಣೆಯು ಇಲ್ಲಿ ಎಷ್ಟೋ ಸಣ್ಣ ಮಾಲೆಗಳ, ಪತ್ರಿಕೆಗಳ ಉಸಿರನ್ನು ನಿಲ್ಲಿಸಿತು. ನಿರಾಕರಿಸಿದವರೆಲ್ಲ ಕಠಿಣಹೃದಯದವರೆಂದು ನಾನು ಹೇಳೆನು. ಪಗಾರ ಬರಲು ನಾಲ್ಕು ದಿನವಿರುವಾಗ, ಮಳೆ ಹಿಡಿದು ಬೆಳೆ ಹೋದಾಗ, ಮನೆಯಲ್ಲಿ ಬಾಣಂತಿಯಿರುವಾಗ ಬಂದ ವಿ.ಪಿ.ಯನ್ನು ಯಾರು ತಾನೆ ಬಿಡಿಸಿಕೊಂಡಾರು? ನಮ್ಮ ತಂದೆಯವರೂ ಒಂದು ಸಲ, ಅಕ್ಕನ ಮದುವೆಯ ವರುಷ, ಬಂದ ಕಟ್ಟನ್ನು ಹಿಂದಕ್ಕೆ ಕಳಿಸಿದರು. ಆ ದಿನ ರಾತ್ರಿ ಅವರು ಅಟ್ಟದವರಿಗೆ ಒಂದು ಕಾರ್ಡು ಬರೆದರು. ಬರೆಯುವಾಗ ನಾನು ಕಂದೀಲಿನ ಬತ್ತಿ ಸರಿಮಾಡುತ್ತ ಹತ್ತಿರವೇ ಕುಳಿತಿದ್ದೆನು. ಮುಂದಿನ ತಿಂಗಳು ಮನಿಆರ್ಡರು ಮಾಡುವೆನು, ಪುಸ್ತಕವನ್ನು ನನ್ನ ಹೆಸರಿಗೆ ತೆಗೆದಿರಿಸಬೇಕು ಎಂದು ಬರೆದು, ಕೊನೆಗೆ ಕ್ಷಮೆ ಬೇಡಿದ್ದರು. ಹಾಗೆಯೇ ಕಳಿಸಿದರು, ಪುಸ್ತಕವೂ ಬಂದಿತು.

ವಿ.ಪಿ.ಗೆ ಇನ್ನೊಂದು ಮುಖವಿದ್ದಿತು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಪತ್ರಿಕೆಗಳ ಕೊನೆಯ ಪುಟಗಳಲ್ಲಿ ಹಾರ್ಮೋನಿಯಂ, ಕೂದಲೆಣ್ಣೆ, ವಶೀಕರಣದ ಉಂಗುರ, ಧಾತುಪುಷ್ಟಿಯ ಲೇಹ್ಯ, ಎಲ್ಲವೂ ವಿ.ಪಿ. ಮೂಲಕ, ಟಪಾಲ ಖರ್ಚು ಬೇರೆ. ಕಟ್ಟನ್ನು ಬಿಚ್ಚಿ ನೋಡಿ ಆಮೇಲೆ ಹಣ ಕೊಡುವಂತಿರಲಿಲ್ಲ. ಮೊದಲು ಹಣ, ಬಳಿಕ ಸುತಳಿ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ದೂರದ ಒಂದು ಪಟ್ಟಣದ ಕಂಪನಿಯ ಜಾಹೀರಾತನ್ನು ನಂಬಿ, ಹಬ್ಬಕ್ಕೆ ಅಜ್ಜಿ ಕೊಟ್ಟ ಹಣವನ್ನು ಕೂಡಿಸಿ, ಕೈಗಡಿಯಾರವೊಂದನ್ನು ತರಿಸಿದೆನು. ಬಿಚ್ಚಿ ನೋಡಿದರೆ ತಗಡಿನ ಮೇಲೆ ಮುಳ್ಳುಗಳನ್ನು ಬಣ್ಣದಿಂದ ಬರೆದ ಆಟದ ವಸ್ತು. ಅದರಲ್ಲಿ ಸದಾ ಹತ್ತು ಗಂಟೆ ಹತ್ತು ನಿಮಿಷ. ವಾರ್ಡನ ವಾಗ್ದಾನದಂಥ ವಾಗ್ದಾನವನ್ನು ಆ ಜಾಹೀರಾತಿನಲ್ಲಿ ಯಾರೂ ಮಾಡಿರಲಿಲ್ಲ. ತಂದೆಯವರು ಬೈಯಲಿಲ್ಲ. "ಅಚ್ಚಾದದ್ದೆಲ್ಲಾ ಖರೇ ಅಲ್ಲೋ ತಮ್ಮಾ" ಎಂದಷ್ಟೇ ಹೇಳಿ ಹೊರಗೆ ಹೋದರು. ಅಂಥ ಕಟ್ಟುಗಳು ಊರೂರಿಗೆ ಬಂದು ಜನರ ನಂಬಿಕೆಯನ್ನು ಕೆಡಿಸುತ್ತಿದ್ದ ಕಾಲದಲ್ಲಿಯೇ, ಅದೇ ಟಪಾಲಿನವರ ಅದೇ ಚೀಲದಲ್ಲಿ ಬರುತ್ತಿದ್ದ ಧಾರವಾಡದ ಕಟ್ಟನ್ನು ನಮ್ಮ ತಾಯಿ, ಒಳಗೆ ಏನಿದೆಯೆಂದು ಕೇಳದೆ, ಕಡ ತಂದು ಬಿಡಿಸಿಕೊಂಡಳು.

ಆ ನಂಬಿಕೆಯಿಂದ ಏನೇನು ಬೆಳೆಯಿತೆಂಬುದಕ್ಕೆ, ಮಾಲೆಗೆ ಇಪ್ಪತ್ತೈದು ತುಂಬಿದ ಸಂದರ್ಭದಲ್ಲಿ ಕೀರ್ತಿನಾಥ ಕುರ್ತಕೋಟಿಯವರ ನೇತೃತ್ವದಲ್ಲಿ ಹೊರಟ 'ನಡೆದು ಬಂದ ದಾರಿ'ಯ ಸಂಪುಟಗಳು ಒಂದು ಸಾಕ್ಷಿ, ಶಿಕಾಗೋದಲ್ಲಿದ್ದ ಎ.ಕೆ. ರಾಮಾನುಜನ್ನರ ಕನ್ನಡ ಕವಿತೆಗಳು 1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ'ವೆಂಬ ಹೆಸರಿನಿಂದ ಅಟ್ಟದಿಂದಲೇ ಹೊರಬಂದುದು ಇನ್ನೊಂದು. ವಾರ್ಡನ ಬೆಲೆಪಟ್ಟಿಯು ಹೊರಟ ನಗರದಲ್ಲಿದ್ದ ಒಬ್ಬ ಕವಿಯ ಕನ್ನಡ ಪುಸ್ತಕವು ಧಾರವಾಡದಲ್ಲಿ ಅಚ್ಚಾಗಿ, ಸವದತ್ತಿಯ ಮಾರ್ಗವಾಗಿ ರಾಮದುರ್ಗಕ್ಕೆ ಬಂದುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ. ಸಿಯರ್ಸರ ಮಹಾಪಟ್ಟಿಯು 1993ರಲ್ಲಿ ನಿಂತುಹೋಯಿತು. ಜಿ.ಬಿ. ಜೋಶಿಯವರು ತೀರಿಕೊಂಡುದೂ ಅದೇ ವರುಷ. ಅವರ ಮಾಲೆಯನ್ನು ಮಗ ರಮಾಕಾಂತ ಜೋಶಿಯವರು ಮುಂದುವರಿಸಿದರು.

ತಂದೆಯವರ ಪುಸ್ತಕಗಳು ಈಗ ನನ್ನ ಬಳಿ ಇವೆ. ಅವುಗಳಲ್ಲೊಂದು 1961ರಲ್ಲಿ ಅಚ್ಚಾದ 'ಯಯಾತಿ'. ಅದನ್ನು ಬರೆದ ಗಿರೀಶ ಕಾರ್ನಾಡರು ಆಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಇಪ್ಪತ್ತಮೂರು ವರುಷದ ಹುಡುಗ. ಅದಕ್ಕೆ ಮೊದಲು ಅವರ ಪುಸ್ತಕವೊಂದನ್ನೂ ರಾಮದುರ್ಗದಲ್ಲಿ ಯಾರೂ ಕಂಡಿರಲಿಲ್ಲ, ಇರಲೂ ಇಲ್ಲ. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನ ತಾರೀಖು ಮಾಸಿದ್ದರೂ ಓದಲು ಬರುತ್ತದೆ. ಅದರ ಕೆಳಗೆ, ಬೇರೆ ಯಾವ ಪುಸ್ತಕದಲ್ಲಿಯೂ ಇಲ್ಲದ ಒಂದು ಸಾಲನ್ನು ಅವರು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: ಒಂದೇ ಕೂತಲ್ಲಿ ಓದಿದೆ, ದೀಪದ ಎಣ್ಣೆ ತೀರಿತು.